ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ: ಯಾರು ಸೇರಬೇಕು, ಸೇರಿದವರು ಏನು ಮಾಡಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನದಿಂದ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವುದು) ಮುಗಿಯುವವರೆಗೆ ಕೊಡಗಿನ ಮನೆಗಳಲ್ಲಿ ನಡೆಯುವ ಚರ್ಚೆಯಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳ ಕಾಲೇಜುಗಳ ಹೆಸರುಗಳೇ ಮತ್ತೆ ಮತ್ತೆ ಕೇಳಿಬರುತ್ತವೆ. ನಮ್ಮದೇ ಜಿಲ್ಲೆಯ ಪೊನ್ನಂಪೇಟೆಯಲ್ಲಿರುವ ಅರಣ್ಯ ಮಹಾವಿದ್ಯಾಲಯದ ಹೆಸರು ಬಂದರೂ ಅದು ಪಟ್ಟಿಯ ತಳದಲ್ಲಿ, ಬೇರೇನೂ ಸಿಗದಿದ್ದರೆ ನೋಡೋಣ ಎಂಬ ಮಾತಿನ ಜೊತೆಗೇ ಬರುತ್ತದೆ. ಪಿಯು ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುತ್ತ, ಅವರಲ್ಲಿ ಕೆಲವರು ಈ ಕಾಲೇಜು ಸೇರಿ ಓದಿ ಹೊರಬಂದುದನ್ನು ಹತ್ತಿರದಿಂದ ಕಂಡಿರುವ ನನಗೆ ಈ ಧೋರಣೆ ಸರಿಯಲ್ಲವೆಂದು ತೋರುತ್ತದೆ. ಸೀಟು ಸಿಗುವುದು ಎಷ್ಟು ಕಷ್ಟ ಎಂಬುದರಿಂದ ಕಾಲೇಜಿನ ಬೆಲೆ ಕಟ್ಟುವ ಅಭ್ಯಾಸದಲ್ಲಿ, ಅಲ್ಲಿ ಏನನ್ನು ಕಲಿಯಬಹುದು ಎಂಬ ಮುಖ್ಯ ಪ್ರಶ್ನೆಯೇ ಮರೆಯಾಗುತ್ತದೆ.

ಈ ಕಾಲೇಜು ಆರಂಭವಾದದ್ದು 1995ರಲ್ಲಿ. ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಇದು ಬಳಿಕ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂತು. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯ ಇದಕ್ಕಿಂತ ಹಳೆಯದು. ನಾಲ್ಕು ವರ್ಷಗಳ, ಎಂಟು ಸೆಮಿಸ್ಟರ್‌ಗಳ ಬಿ.ಎಸ್ಸಿ. ಅರಣ್ಯಶಾಸ್ತ್ರ ಪದವಿಯಲ್ಲಿ ಕಾಡು ಬೆಳೆಸುವ ವಿಧಾನ, ಮರಗಳನ್ನು ಗುರುತಿಸುವ ಶಾಸ್ತ್ರ, ಮರದ ಅಳತೆ, ಕೃಷಿ ಅರಣ್ಯ, ವನ್ಯಜೀವಿ, ಮಣ್ಣು, ಸಂಖ್ಯಾಶಾಸ್ತ್ರ, ಅರಣ್ಯ ಕಾನೂನು ಎಲ್ಲವೂ ಇರುತ್ತವೆ. ಮುಂದೆ ಓದುವವರಿಗೆ ಸ್ನಾತಕೋತ್ತರ ಪದವಿಯೂ ಇಲ್ಲಿಯೇ ಇದೆ.

ಆದರೆ ಈ ಕಾಲೇಜಿನ ನಿಜವಾದ ಬಲ ಅದರ ಆವರಣದ ಹೊರಗಿದೆ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಬ್ರಹ್ಮಗಿರಿಯ ಬೆಟ್ಟಸಾಲು. ಬ್ರಹ್ಮಗಿರಿ, ತಲಕಾವೇರಿ ಮತ್ತು ಪುಷ್ಪಗಿರಿ ವನ್ಯಜೀವಿಧಾಮಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿವೆ. ಇವುಗಳ ನಡುವೆ ಊರೂರಿಗೆ ಹಂಚಿಹೋದ, ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡು ಬಂದ ದೇವರಕಾಡುಗಳಿವೆ. ಜಿಲ್ಲೆಯಲ್ಲಿ ಅವುಗಳ ಸಂಖ್ಯೆ 1200ಕ್ಕೂ ಹೆಚ್ಚು. ಇನ್ನು ಕಾಫಿ ತೋಟವೆಂದರೆ ಅದೂ ಒಂದು ಬಗೆಯ ಕಾಡೇ. ಹಲಸು, ಅತ್ತಿ, ನಂದಿ, ಬೀಟೆಗಳ ನೆರಳಿನಲ್ಲಿ ಕಾಫಿ ಬೆಳೆದು, ಆ ಮರಗಳಿಗೇ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಪದ್ಧತಿ ನಮ್ಮದು. ಅಲ್ಲಿ ಕಾಡುಮರ ಹೋಗಿ ಸಿಲ್ವರ್ ಓಕ್ ಬಂದರೆ ಮಣ್ಣಿಗೆ, ಹಕ್ಕಿಗಳಿಗೆ, ಬೆಳೆಗಾರನ ಆದಾಯಕ್ಕೆ ಏನಾಗುತ್ತದೆ ಎಂಬುದು ಪುಸ್ತಕದ ಪ್ರಶ್ನೆಯಲ್ಲ, ವಿದ್ಯಾರ್ಥಿಯ ಅಪ್ಪನೋ ನೆರೆಮನೆಯವರೋ ಪ್ರತಿ ವರ್ಷ ಮರ ಕಪಾತಿನ (ನೆರಳಿನ ಕೊಂಬೆ ಸವರುವ) ಹೊತ್ತಿಗೆ ಎದುರಿಸುವ ಪ್ರಶ್ನೆ. ಅರಣ್ಯಶಾಸ್ತ್ರ ಕಲಿಯಲು ಇಷ್ಟು ಬಗೆಯ ಮರದ ನೆಲೆಗಳು ಒಂದು ದಿನದ ಓಡಾಟದಲ್ಲಿ ಸಿಗುವ ಊರು ರಾಜ್ಯದಲ್ಲಿ ವಿರಳ.

ಹೀಗಿದ್ದೂ ನಾಲ್ಕು ವರ್ಷ ಹಾಸ್ಟೆಲ್, ತರಗತಿ, ಗೋಣಿಕೊಪ್ಪಲಿನ ಪೇಟೆ ಇಷ್ಟರಲ್ಲೇ ಕಳೆದು ಪದವಿ ಪಡೆಯುವುದೂ ಸಾಧ್ಯ. ಹಾಗಾಗದಿರಲು ಮೊದಲ ವರ್ಷದಿಂದಲೇ ಕೆಲವು ಅಭ್ಯಾಸಗಳು ಬೇಕು. ಹತ್ತಿರದ ಒಂದು ದೇವರಕಾಡನ್ನು ಆರಿಸಿಕೊಂಡು, ಊರಿನ ತಕ್ಕರ (ದೇವಸ್ಥಾನದ ಹೊಣೆ ಹೊತ್ತ ಊರ ಹಿರಿಯರ) ಒಪ್ಪಿಗೆ ಪಡೆದು, ಅದರ ಕಟ್ಟುಪಾಡಿಗೆ ಮರ್ಯಾದೆ ಕೊಟ್ಟು, ನಾಲ್ಕು ವರ್ಷವೂ ಅಲ್ಲಿನ ಮರಗಳು ಚಿಗುರುವ, ಹೂಬಿಡುವ, ಕಾಯಿಕಟ್ಟುವ ಕಾಲವನ್ನು ಬರೆದಿಡುವ ವಿದ್ಯಾರ್ಥಿಗೆ ಅಂತಿಮ ವರ್ಷದಲ್ಲಿ ಪ್ರಾಜೆಕ್ಟಿನ ವಿಷಯಕ್ಕಾಗಿ ಪರದಾಡುವ ಅಗತ್ಯವೇ ಬೀಳುವುದಿಲ್ಲ. ಮರದ ವೈಜ್ಞಾನಿಕ ಹೆಸರಿನ ಜೊತೆಗೆ ಅದರ ಕನ್ನಡ ಮತ್ತು ಕೊಡವ ಹೆಸರುಗಳನ್ನು ಕಲಿಯಬೇಕು. ದಕ್ಷಿಣ ಕೊಡಗಿನ ತೋಟಗಳಲ್ಲಿ ದುಡಿಯುವ ಯರವ, ಜೇನುಕುರುಬ, ಬೆಟ್ಟಕುರುಬ ಹಿರಿಯರು ಯಾವ ಮರದ ತೊಗಟೆ ಯಾವುದಕ್ಕೆ, ಯಾವ ಹೂವಿಗೆ ಜೇನು ಕೂರುತ್ತದೆ ಎಂಬುದನ್ನು ಬಲ್ಲರು. ಅವರ ಹತ್ತಿರ ವಿನಯದಿಂದ ಕುಳಿತು ಕೇಳುವುದನ್ನು ಯಾವ ಪ್ರಯೋಗಾಲಯವೂ ಕಲಿಸಲಾರದು. ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ಶ್ರದ್ಧೆಯಿಂದ ಮಾಡಿದಳು, ಮತ್ತು ಅವಳ ಕ್ಷೇತ್ರ ಟಿಪ್ಪಣಿಗಳನ್ನು ಓದಿದಾಗ ನಾನು ಪಾಠ ಮಾಡುವ ಸಸ್ಯಶಾಸ್ತ್ರ ಎಷ್ಟು ಸೀಮಿತ ಎಂಬುದು ನನಗೇ ಮನವರಿಕೆಯಾಯಿತು.

ಸುತ್ತಲಿನ ಸಂಸ್ಥೆಗಳನ್ನೂ ವಿದ್ಯಾರ್ಥಿಗಳು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇವೆ, ಮಡಿಕೇರಿ ಬಳಿಯ ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಧ್ಯಾಪಕರ ಪತ್ರದೊಂದಿಗೆ ರಜೆಯಲ್ಲಿ ಅಲ್ಲಿ ಕೆಲಸ ಕಲಿಯಲು ಅವಕಾಶ ಕೇಳುವುದರಲ್ಲಿ ಸಂಕೋಚ ಬೇಡ. ಹಾಗೆಯೇ 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಬೆಟ್ಟಗಳು ಕುಸಿದ ಜಾಗಗಳಲ್ಲಿ ಈಗ ಯಾವ ಗಿಡ ಮೊದಲು ಬೇರೂರಿದೆ ಎಂದು ಹೋಗಿ ನೋಡುವುದು, ಜಮ್ಮ ಬಾಣೆಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಮರಗಳುಳ್ಳ ಜಮೀನಿನ) ಮರಗಳ ಮೇಲೆ ಯಾರಿಗೆ ಎಷ್ಟು ಹಕ್ಕಿದೆ ಎಂಬುದನ್ನು ಕಾನೂನಿನ ಪಾಠದ ಜೊತೆಗಿಟ್ಟು ಅರಿಯುವುದು, ಆನೆ ಹಾವಳಿಯಿರುವ ತೋಟದ ಮಾಲೀಕರನ್ನೂ ಅರಣ್ಯ ಸಿಬ್ಬಂದಿಯನ್ನೂ ಇಬ್ಬರನ್ನೂ ಮಾತನಾಡಿಸುವುದು, ಇವು ಇಲ್ಲಿನ ವಿದ್ಯಾರ್ಥಿಗೆ ಮಾತ್ರ ಇಷ್ಟು ಸುಲಭವಾಗಿ ದಕ್ಕುವ ಕಲಿಕೆ.

ಪ್ರವೇಶದ ಬಗ್ಗೆ ಪೋಷಕರಿಗೆ ಎರಡು ಮಾತು. ಸೀಟು ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ, ಸಿಇಟಿ ಆಧಾರದ ಮೇಲೆ ನಡೆಯುತ್ತದೆ. ಆಪ್ಷನ್‌ಗಳನ್ನು ನಿಮ್ಮ ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಿರಿ; ಸಿಗಲಾರದು ಎನಿಸಿದ ಕೋರ್ಸನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಏಕೆಂದರೆ ರ‍್ಯಾಂಕಿಗೆ ದಕ್ಕುವ ಆಪ್ಷನ್‌ಗಳಲ್ಲಿ ಮೇಲಿನದೇ ನಿಮಗೆ ಹಂಚಿಕೆಯಾಗುತ್ತದೆ. ಸೀಟು ಹಂಚಿಕೆಯಾದ ಬಳಿಕ ಬರುವ ನಾಲ್ಕು ಆಯ್ಕೆಗಳಲ್ಲಿ ಮೊದಲನೆಯದು ಒಪ್ಪಿ ಸೇರುವುದು, ಎರಡನೆಯದು ಸೀಟನ್ನು ಉಳಿಸಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು, ಮೂರನೆಯದು ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೆಲ್ಲ ಕೂತು ಓದಿಕೊಳ್ಳಬೇಕು. ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅಲ್ಲಿ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಕಾಫಿ, ಮೆಣಸು, ಭತ್ತ ಗೊತ್ತು, ಬಯಲುಸೀಮೆಯ ಬೀಜಗಳ ಪರಿಚಯ ಕಡಿಮೆ. ಮೊದಲೇ ಒಂದು ದಿನ ಬೀಜದ ಅಂಗಡಿಗೆ ಕರೆದೊಯ್ದು ತೋರಿಸಿದರೆ ಒಳ್ಳೆಯದು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರು ಗ್ರಾಮೀಣ ಮೀಸಲಾತಿಯ ಪ್ರಮಾಣಪತ್ರವನ್ನು ಸಮಯಕ್ಕೆ ಮುನ್ನ ಸಿದ್ಧಪಡಿಸಿಕೊಳ್ಳಬೇಕು.

ಯಾರು ಈ ಕಾಲೇಜನ್ನು ಮೇಲಿನ ಆಪ್ಷನ್ ಆಗಿ ಬರೆಯಬಾರದು ಎಂಬುದನ್ನೂ ಹೇಳುವುದು ನನ್ನ ಕರ್ತವ್ಯ. ನೀಟ್ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವ ನಿರ್ಧಾರ ಗಟ್ಟಿಯಾಗಿರುವವರು ಇಲ್ಲಿ ಸೇರಿ ಮೊದಲ ವರ್ಷವನ್ನು ಕೋಣೆಯೊಳಗೆ ಕಳೆಯುವುದು ಅವರಿಗೂ ನಷ್ಟ, ಆ ಸೀಟಿಗಾಗಿ ಕಾದ ಇನ್ನೊಬ್ಬರಿಗೂ ನಷ್ಟ. ಮಳೆ, ಜಿಗಣೆ, ದೀರ್ಘ ನಡಿಗೆ ಸಹಿಸಲಾಗದವರಿಗೂ ಇದು ಹೊಂದುವುದಿಲ್ಲ. ಪದವಿ ಮುಗಿದ ತಕ್ಷಣ ಕ್ಯಾಂಪಸ್‌ನಲ್ಲೇ ಕಂಪನಿಯ ಕೆಲಸ ಬೇಕೆನ್ನುವವರು ಬೇರೆ ಕೋರ್ಸ್ ನೋಡುವುದು ಲೇಸು. ಅರಣ್ಯ ಇಲಾಖೆಯ ಅಧಿಕಾರಿ ಹುದ್ದೆಗಳ ನೇಮಕಾತಿಯಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಒಂದು ಪಾಲು ಮೀಸಲಿದೆಯಾದರೂ ಅಧಿಸೂಚನೆ ವರ್ಷವರ್ಷವೂ ಬರುವುದಿಲ್ಲ. ಅದನ್ನೊಂದನ್ನೇ ನಂಬಿ ಕೂರುವುದು ಅಪಾಯ. ಭಾರತೀಯ ಅರಣ್ಯ ಸೇವೆ, ಸ್ನಾತಕೋತ್ತರ ಪ್ರವೇಶಕ್ಕೆ ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಪರೀಕ್ಷೆ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ, ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆ ಇವೆಲ್ಲ ದಾರಿಗಳನ್ನು ಎರಡನೆಯ ವರ್ಷದಲ್ಲೇ ತಿಳಿದುಕೊಂಡು, ಇಂಗ್ಲಿಷ್ ಬರವಣಿಗೆಯನ್ನೂ ಸಂಖ್ಯಾಶಾಸ್ತ್ರವನ್ನೂ ಗಟ್ಟಿಮಾಡಿಕೊಳ್ಳಬೇಕು. ಅರಣ್ಯ ಸೇವೆಯ ಆಯ್ಕೆಯಲ್ಲಿ 4 ಗಂಟೆಯೊಳಗೆ ಪುರುಷರು 25 ಕಿ.ಮೀ., ಮಹಿಳೆಯರು 14 ಕಿ.ಮೀ. ನಡೆಯಬೇಕೆಂಬ ನಿಯಮವಿದೆ, ಬೆಟ್ಟದ ಊರಿನಲ್ಲಿ ಓದುವವರು ಇದಕ್ಕೆ ಬೇರೆ ತರಬೇತಿ ಹುಡುಕಬೇಕಾಗಿಲ್ಲ.

ಸೇರುವ ಮುನ್ನ ಕಾಲೇಜನ್ನು ತರಗತಿಗಳು ನಡೆಯುತ್ತಿರುವ ದಿನ ನೋಡಿ. ಸಾಧ್ಯವಾದರೆ ಮಳೆಗಾಲದಲ್ಲಿಯೇ ಹೋಗಿ, ಏಕೆಂದರೆ ಮಗಳೋ ಮಗನೋ ವರ್ಷದ ದೊಡ್ಡ ಭಾಗವನ್ನು ಆ ಮಳೆಯಲ್ಲೇ ಕಳೆಯಬೇಕು. ಕಚೇರಿಯಲ್ಲಿ ಶುಲ್ಕದ ವಿವರ ಕೇಳಿ ಮರಳದೆ ಅಂತಿಮ ವರ್ಷದವರ ಹತ್ತಿರ ಮೂರು ವಿಷಯ ವಿಚಾರಿಸಿ: ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ಬಾರಿ ಕ್ಷೇತ್ರಕ್ಕೆ ಹೋಗಿದ್ದರು, ಅರಣ್ಯ ಕಾರ್ಯಾನುಭವಕ್ಕೆ ಅವರನ್ನು ಎಲ್ಲಿಗೆ ಕಳಿಸಿದ್ದರು, ಹಿಂದಿನ ತಂಡದವರು ಈಗ ಎಲ್ಲಿದ್ದಾರೆ. ಗ್ರಂಥಾಲಯ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ, ಹಾಸ್ಟೆಲಿನಲ್ಲಿ ಬಟ್ಟೆ ಒಣಗಿಸಲು ಏನು ವ್ಯವಸ್ಥೆಯಿದೆ, ಕರೆಂಟು ಹೋದಾಗ ಓದಲು ಏನು ಮಾಡುತ್ತಾರೆ ಎಂಬುದನ್ನೂ ಕೇಳಿ. ಕೊಡಗಿಗೆ ರೈಲು ಇಲ್ಲದ ಕಾರಣ ಹೊರ ಜಿಲ್ಲೆಯವರು ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಹುಣಸೂರು, ಗೋಣಿಕೊಪ್ಪಲು ಮಾರ್ಗದ ಬಸ್ ಹಿಡಿಯುವುದು ಅನುಕೂಲ.