ಓವರ್‌ಲಾಕ್ ಅನ್ನೋ ಗಾಬ್ಲಿನ್: ಒಂದು ಹಳೇ ಸ್ಟಾರ್ಟರ್ ಸೆಟ್ ಕಥೆ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಕಟಿಂಗ್ ಮಾಸ್ಟರ್. ಭಾನುವಾರ ಮೆಷಿನ್ ಓಡುವುದಿಲ್ಲ, ಉದ್ದನೆಯ ಕಟಿಂಗ್ ಟೇಬಲ್ ಸುಮ್ನೆ ಬಿದ್ದಿರುತ್ತದೆ. ಓನರ್ ಹತ್ತಿರ ಕೀಲಿ ಇಸಿದುಕೊಂಡಿದ್ದೇನೆ. ಏಳು ತಿಂಗಳಿಂದ ಆ ಟೇಬಲ್ ಮೇಲೆ ನಾವು ಐದು ಜನ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದೇವೆ.

ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನುವವರು ಹೊರತಂದ ಆಟ ಇದು. ಒಬ್ಬ ಕಥೆ ನಡೆಸುತ್ತಾನೆ, ಅವನು ಡಂಜನ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. "ನಾನು ಹಿಂಗ ಮಾಡ್ತೀನಿ" ಅಂತ ಅವರು ಹೇಳಬೇಕು, ದಾಳ ಉರುಳಿಸಬೇಕು. ಆಮೇಲೆ ಏನಾಯಿತು ಅಂತ ಮಾಸ್ಟರ್ ಹೇಳಬೇಕು. ನಮ್ಮಲ್ಲಿ ಮಾಸ್ಟರ್ ಯಾರಾಗಬೇಕು ಅನ್ನೋ ಚರ್ಚೆಯೇ ಆಗಲಿಲ್ಲ. "ನೀವು ಮೊದಲೇ ಮಾಸ್ಟರ್ ಅಲ್ವಾ" ಅಂದುಬಿಟ್ಟರು.

ನಾನು ಕೊಂಡಿದ್ದು 2014ರ ಸ್ಟಾರ್ಟರ್ ಸೆಟ್, ಅಂದರೆ ಹೊಸಬರು ಶುರು ಮಾಡುವ ಪೆಟ್ಟಿಗೆ. ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್, 1,500 ರೂಪಾಯಿಗೆ. ಪೆಟ್ಟಿಗೆಯಲ್ಲಿ 32 ಪುಟದ ನಿಯಮದ ಪುಸ್ತಕ, 64 ಪುಟದ ಸಾಹಸದ ಪುಸ್ತಕ, ಆರು ದಾಳ, ಮೊದಲೇ ತಯಾರು ಮಾಡಿಟ್ಟ ಐದು ಪಾತ್ರಗಳ ಹಾಳೆ. ಅಷ್ಟೇ. ಬೊಂಬೆ ಇಲ್ಲ, ಆಟದ ಬೋರ್ಡ್ ಇಲ್ಲ. ನಮಗೆ ಅದು ತೊಂದರೆಯೇ ಆಗಲಿಲ್ಲ. ಟೈಲರ್ ಚಾಕ್‌ನಲ್ಲಿ ಟೇಬಲ್ ಮೇಲೇ ನಕ್ಷೆ ಬರೆಯುತ್ತೇನೆ. ಜೀನ್ಸ್ ಗುಂಡಿ ಅಂದರೆ ನಮ್ಮವರು, ತಾಮ್ರದ ರಿವಿಟ್ ಅಂದರೆ ಗಾಬ್ಲಿನ್, ಅಂದರೆ ಕಥೆಯ ಕುಳ್ಳ ರಾಕ್ಷಸರು. ಸೋಮವಾರ ಬೆಳಿಗ್ಗೆ ಬಟ್ಟೆ ಹಾಸುವ ಮುಂಚೆ ಒಂದು ಗುಹೆ ಒರೆಸಿ ಹಾಕುವುದು ನನ್ನ ಮೊದಲ ಕೆಲಸ.

ಈಗ ವಿಷಯಕ್ಕೆ ಬರುತ್ತೇನೆ. ಇಂಥ ಆಟ ಕೊಳ್ಳುವಾಗ ನಿಯಮ ಎಷ್ಟಿದೆ, ಚಿತ್ರ ಹೇಗಿದೆ ಅಂತ ನೋಡುವುದಕ್ಕಿಂತ, ಆಟ ದಾರಿ ತಪ್ಪಿದಾಗ ಪುಸ್ತಕ ಕೈ ಹಿಡಿಯುತ್ತದಾ ಅಂತ ನೋಡಬೇಕು. ಯಾಕಂದರೆ ದಾರಿ ತಪ್ಪೇ ತಪ್ಪುತ್ತದೆ. ನಮ್ಮದು ಮೊದಲ ಮುಕ್ಕಾಲು ಗಂಟೆಯಲ್ಲೇ ತಪ್ಪಿತು.

ಕಥೆ ಶುರುವಾಗುವುದು ಒಂದು ರಸ್ತೆಯಲ್ಲಿ. ಗಾಡಿಯಲ್ಲಿ ಸಾಮಾನು ಹಾಕಿಕೊಂಡು ಹೋಗುತ್ತಿರುತ್ತೀರಿ. ಮುಂದೆ ಎರಡು ಕುದುರೆ ಸತ್ತು ಬಿದ್ದಿವೆ. ಪೊದೆಯಲ್ಲಿ ನಾಲ್ಕು ಗಾಬ್ಲಿನ್ ಅಡಗಿವೆ. ಜಗಳ ಆಗುತ್ತದೆ, ಗೆಲ್ಲುತ್ತೀರಿ, ಹೆಜ್ಜೆ ಗುರುತು ಹಿಡಿದು ಅವರ ಗುಹೆಗೆ ಹೋಗುತ್ತೀರಿ. ಪುಸ್ತಕದ ಲೆಕ್ಕ ಇದು. ನನ್ನ ಸೋದರಮಾವನ ಮಗ ತೋರಣಗಲ್ಲಿನ ಸ್ಟೀಲ್ ಪ್ಲಾಂಟ್‌ನಲ್ಲಿ ಸೇಫ್ಟಿ ವಿಭಾಗದವನು. ಸತ್ತ ಕುದುರೆ ಅಂದ ಕೂಡಲೇ "ಯಾರೂ ಮುಟ್ಟಬ್ಯಾಡ್ರಿ, ಮೊದಲು ಸುತ್ತಮುತ್ತ ನೋಡೋಣ" ಅಂದ. ಪೊದೆಯಲ್ಲಿದ್ದ ಗಾಬ್ಲಿನ್ ಕಣ್ಣಿಗೆ ಬಿತ್ತು. ಇದು ಒಳ್ಳೆಯದೇ ಆಯಿತು. ಮೊದಲ ಹಂತದ ಪಾತ್ರಗಳಿಗೆ ಇರುವ ಪ್ರಾಣದ ಅಂಕ ಹತ್ತರ ಆಸುಪಾಸು. ಗಾಬ್ಲಿನ್ ಒಂದು ಏಟಿಗೆ ಎಂಟರವರೆಗೂ ಕಿತ್ತುಕೊಳ್ಳಬಹುದು. ಹೊಸಬರು ಇಲ್ಲೇ ಮಲಗಿಬಿಡುತ್ತಾರೆ, ಮಾಸ್ಟರ್ ಆಗುವವರು ಹುಷಾರು.

ಮೂರು ಗಾಬ್ಲಿನ್ ಸತ್ತವು, ಒಂದನ್ನು ಹಿಡಿದರು. ಆಗ ನಮ್ಮ ಯೂನಿಟ್‌ನಲ್ಲೇ ಫೀಡಾಫ್ ಮೆಷಿನ್ ಓಡಿಸುವ ಅಕ್ಕ ಬಾಯಿ ತೆರೆದಳು. ಆಕೆ ಕುಳ್ಳ ಪುರೋಹಿತನ ಪಾತ್ರ.

"ತಮ್ಮಾ, ನಿನ್ನ ಹೆಸರೇನು?"

ಪುಸ್ತಕದಲ್ಲಿ ಆ ಗಾಬ್ಲಿನ್‌ಗೆ ಹೆಸರಿಲ್ಲ. ಎದುರಿಗೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಕಾಣಿಸಿತು. "ಓವರ್‌ಲಾಕ್" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಓವರ್‌ಲಾಕಪ್ಪಾ, ನಿಂಗ ಪೀಸಿಗೆ ಎಷ್ಟು ಕೊಡ್ತಾರ?"

ನನಗೆ ಅರ್ಥವಾಗಲಿಲ್ಲ. "ಲೂಟಿ ಮಾಡಿದ್ದರಾಗ ನಿಂಗ ಎಷ್ಟು ಬರತೈತಿ ಅಂತ ಕೇಳಾಕತ್ತೀನಿ" ಅಂದಳು. ಹದಿನಾಲ್ಕು ವರ್ಷದಿಂದ ಪೀಸ್ ರೇಟ್‌ಗೆ ಹೊಲಿಯುವವಳು ಬೇರೆ ಏನು ಕೇಳುತ್ತಾಳೆ ಹೇಳಿ?

ನನ್ನ ತಲೆ ಖಾಲಿ. "ಏಳ್ರಿ, ಮಿರ್ಚಿ ತಿಂದು ಬರೋಣ" ಅಂದೆ. ಇದು ನನ್ನ ದೊಡ್ಡ ಉಪಾಯ, ಈಗಲೂ ಬಳಸುತ್ತೇನೆ. ಕೆಳಗಿನ ಗಾಡಿಯಲ್ಲಿ ವಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಹತ್ತು ನಿಮಿಷ ಸಿಗುತ್ತದೆ. ಪುಸ್ತಕ ತಿರುವಿ ಹಾಕಿದೆ. ಸಿಕ್ಕಿತು. (ಮುಂದೆ ಆಡುವ ಆಸೆ ಇದ್ದವರು ಈ ಪ್ಯಾರಾ ಬಿಟ್ಟುಬಿಡಿ.) ಗುಹೆಗೆ ಒಬ್ಬ ದಢೂತಿ ಬಗ್‌ಬೇರ್, ಅಂದರೆ ಮೈತುಂಬ ಕೂದಲಿನ ರಾಕ್ಷಸ, ಯಜಮಾನ. ಅವನ ಕೈಕೆಳಗಿನ ಗಾಬ್ಲಿನ್ ಒಬ್ಬನಿಗೆ ಅವನ ಜಾಗದ ಮೇಲೆ ಕಣ್ಣು. ಯಜಮಾನನ ತಲೆ ತಂದುಕೊಟ್ಟರೆ ತಾನು ಹಿಡಿದಿಟ್ಟ ಕೈದಿಯನ್ನು ಬಿಡುತ್ತೇನೆ ಅಂತ ಅವನೇ ವ್ಯಾಪಾರಕ್ಕೆ ಇಳಿಯುತ್ತಾನೆ! ಗುಹೆಯೊಳಗೆ ಹೊಟ್ಟೆಯುರಿ ಮೊದಲೇ ಇದೆ. ಅಕ್ಕ ಅದನ್ನು ರಸ್ತೆಯಲ್ಲೇ ಮೂಸಿ ಹಿಡಿದಿದ್ದಳು, ಅಷ್ಟೇ.

ಈ ಪೆಟ್ಟಿಗೆಗೆ ನಾನು ಐದಕ್ಕೆ ನಾಲ್ಕೂವರೆ ಕೊಡುವುದು ಇದೇ ಕಾರಣಕ್ಕೆ. ಯಾರಿಗೆ ಏನು ಬೇಕು ಅಂತ ಬರೆದಿದ್ದಾರೆ. ಅದು ಗೊತ್ತಿದ್ದರೆ ಆಡುವವರು ಎಲ್ಲಿಗೆ ಹೋದರೂ ಕಥೆ ಹಿಂದೆ ಬರುತ್ತದೆ.

ವಾಪಸ್ ಬಂದು ಕೂತೆವು. ಓವರ್‌ಲಾಕ್ ಅಳುತ್ತಾ ಹೇಳಿದ: "ಮೂಳಿ ಅಷ್ಟ ಕೊಡ್ತಾನ ಯವ್ವಾ." ಅವನನ್ನು ನಮ್ಮ ಕಡೆ ಎಳೆದುಕೊಳ್ಳಲು ದಾಳ ಬೇಕು. ಇಪ್ಪತ್ತು ಮುಖದ ದಾಳ ಉರುಳಿಸಿ, ಪಾತ್ರಕ್ಕಿರುವ ಅಂಕ ಕೂಡಿಸಿ, ಮಾಸ್ಟರ್ ಹೇಳಿದ ಗುರಿ ಮುಟ್ಟಬೇಕು. ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20. ಈ ಮೂರು ಅಂಕಿ ನೆನಪಿದ್ದರೆ ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೂ ನೀವು ಕೂತಲ್ಲೇ ನಿಯಮ ಮಾಡಬಹುದು. ನಾನು 15 ಅಂದೆ. ಜೊತೆಗೆ ಅಡ್ವಾಂಟೇಜ್ ಕೊಟ್ಟೆ. ಅಂದರೆ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಉದಾಹರಣೆಗೆ 3 ಕೂಡಿಸುವ ಪಾತ್ರಕ್ಕೆ 15 ಮುಟ್ಟಲು ನೂರಕ್ಕೆ 45ರಷ್ಟು ಅವಕಾಶ. ಅಡ್ವಾಂಟೇಜ್ ಇದ್ದರೆ ಅದು 70ರ ಹತ್ತಿರ. ಆಡುವವರು ಒಳ್ಳೆ ಮಾತು ಹೇಳಿದಾಗ ಲೆಕ್ಕ ಹಾಕುತ್ತಾ ಕೂರುವ ಬದಲು ಇದನ್ನು ಕೊಟ್ಟುಬಿಡಿ. ಅಕ್ಕನಿಗೆ ಬಿದ್ದಿದ್ದು 4 ಮತ್ತು 17.

ಹಿಂಗೆ ಕೂತಲ್ಲೇ ಕಟ್ಟುವುದು ನಮ್ಮ ಮನೆಯಲ್ಲಿ ಹೊಸದಲ್ಲ. ನಮ್ಮ ದೊಡ್ಡಪ್ಪ ಕುರುಗೋಡು ಕಡೆ ಬಯಲಾಟದಲ್ಲಿ ಸಾರಥಿ ಆಗುತ್ತಿದ್ದರು. ರಂಗಕ್ಕೆ ಬಂದ ಪಾತ್ರವನ್ನು ತಾವು ಯಾರು, ಯಾವ ಊರು ಅಂತ ಮಾತಾಡಿಸುತ್ತಾ ಕಥೆ ಮುಂದಕ್ಕೆ ತಳ್ಳುವುದು ಸಾರಥಿ ಕೆಲಸ. ಒಂದು ರಾತ್ರಿ ರಾಕ್ಷಸನ ಭುಜಕೀರ್ತಿಯ ದಾರ ಹರಿದು ಅವನು ಬರುವುದು ತಡವಾಯಿತು. ದೊಡ್ಡಪ್ಪ ರಾಜನನ್ನೇ ಹಿಡಿದುಕೊಂಡರು. "ಪ್ರಭೂ, ತಮ್ಮ ರಾಜ್ಯದಾಗ ಕಾಲುವಿ ನೀರು ಕೊನೀ ಹೊಲದ ತನಕ ಮುಟ್ಟತೈತೇನು?" ತುಂಗಭದ್ರಾ ಕಾಲುವೆ ನೀರಿಗೆ ಕಾಯುವ ಊರದು. ಅರ್ಧ ಗಂಟೆ ಜನ ಸಿಳ್ಳೆ ಹೊಡೆದರು. ರಾಕ್ಷಸ ಬಂದಾಗ "ಈಗ್ಯಾಕ ಬಂದಿ" ಅಂತ ಬೈದರಂತೆ.

ನಾನು ದೊಡ್ಡಪ್ಪನಷ್ಟು ಜಾಣನಲ್ಲ. ಎರಡನೇ ಭಾನುವಾರ ಗುಹೆಯ ದಾರಿ ಹುಡುಕಲು ದಾಳ ಉರುಳಿಸಿ ಅಂದೆ. ಎಲ್ಲರಿಗೂ 3, 5, 6. ದಾರಿ ಸಿಗಲಿಲ್ಲ ಅಂದೆ. ಮುಂದೆ? ಮುಂದೆ ಏನೂ ಇಲ್ಲ. ಎಲ್ಲರೂ ನನ್ನ ಮುಖ ನೋಡುತ್ತಾ ಕೂತರು. ಕರೆಂಟ್ ಬೇರೆ ಹೋಯಿತು. ತಪ್ಪು ನಂದೇ. ಇರುವುದು ಒಂದೇ ದಾರಿ ಆದರೆ ಅದನ್ನು ದಾಳಕ್ಕೆ ಕಟ್ಟಬಾರದು. ಈಗ ಕಮ್ಮಿ ಬಿದ್ದರೆ, "ದಾರಿ ಸಿಕ್ಕಿತು, ಆದರೆ ನಿಮ್ಮ ಸದ್ದು ಒಳಗೆ ಕೇಳಿಸಿತು" ಅನ್ನುತ್ತೇನೆ. ಏನೂ ತೋಚದಿದ್ದರೆ ಆಡುವವರನ್ನೇ ಕೇಳುತ್ತೇನೆ. "ಗುಹೆ ಬಾಗಿಲಲ್ಲಿ ಏನು ವಾಸನೆ ಬರ್ತಿದೆ, ನೀನೇ ಹೇಳು." ಮೆಡಿಕಲ್ ಓದುವ ನನ್ನ ಭಾಮೈದ "ಫಾರ್ಮಲಿನ್" ಅಂದ, ಹೆಣ ಕೆಡದ ಹಾಗೆ ಹಾಕುವ ದ್ರಾವಣ. ಅಲ್ಲಿಂದ ಅರ್ಧ ದಿನದ ಕಥೆ ಬಂತು.

ಕೊರತೆ ಇಲ್ಲದೇ ಇಲ್ಲ. ಎಲ್ಲ ಇಂಗ್ಲಿಷ್‌ನಲ್ಲಿದೆ. ಅಕ್ಕನ ಹಾಳೆಯ ಹಿಂದೆ ನಾನು ಕನ್ನಡದಲ್ಲಿ ಬರೆದುಕೊಟ್ಟೆ, ಎರಡು ಸಂಜೆ ಹಿಡಿಯಿತು. ಹೊಸ ಪಾತ್ರ ಕಟ್ಟುವ ನಿಯಮ ಪೆಟ್ಟಿಗೆಯಲ್ಲಿಲ್ಲ, ಅದಕ್ಕೆ ನೆಟ್‌ನಲ್ಲಿ ಸಿಗುವ ಉಚಿತ ಬೇಸಿಕ್ ರೂಲ್ಸ್ ನೋಡಬೇಕು. ಒಂದೇ ಸೆಟ್ ದಾಳ ಐದು ಜನಕ್ಕೆ ಸಾಲುವುದಿಲ್ಲ. ಇನ್ನೊಂದು ಸೆಟ್ ಆನ್‌ಲೈನ್‌ನಲ್ಲಿ ತರಿಸಿದೆ, ಅದರ ಇಪ್ಪತ್ತು ಮುಖದ ದಾಳದಲ್ಲಿ 7 ಎರಡು ಸಲ ಇತ್ತು, 17 ಇರಲೇ ಇಲ್ಲ. ವಾಪಸ್ ಕಳಿಸಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.

2022ರಲ್ಲಿ ಬೇರೆ ಕಥೆಯ ಸ್ಟಾರ್ಟರ್ ಸೆಟ್ ಬಂತು. ಅದನ್ನು ನಾನು ಆಡಿಲ್ಲ. ಹಳೆಯದು ಒಳ್ಳೆ ಬೆಲೆಗೆ ಸಿಕ್ಕರೆ ಬಿಡಬೇಡಿ. ಪುಸ್ತಕ ಎರಡೂ ಇವೆಯಾ, ನಕ್ಷೆಯ ಪುಟ ಹರಿದಿಲ್ಲವಾ ಅಂತ ಫೋಟೋ ಕೇಳಿ.

ನಮ್ಮದು ಸದ್ಯ ನಿಂತಿರುವುದು ಗುಹೆ ಬಾಗಿಲಲ್ಲೇ. ಬಗ್‌ಬೇರ್ ಬದುಕಿದ್ದಾನೆ, ಗಾಬ್ಲಿನ್‌ಗಳೆಲ್ಲ ಕೆಲಸ ನಿಲ್ಲಿಸಿ ಹೊರಗೆ ಕೂತಿವೆ. ಬರುವ ಭಾನುವಾರ ಮಾತುಕತೆ. ಅವುಗಳ ಪರವಾಗಿ ಮಾತಾಡುವವಳು ಅಕ್ಕ. ಪಿಎಫ್ ಬಗ್ಗೆಯೂ ಕೇಳುತ್ತಾಳಂತೆ. 64 ಪುಟವನ್ನೂ ಇನ್ನೊಮ್ಮೆ ಓದುತ್ತಾ ಕೂತಿದ್ದೇನೆ.