ಹಲ್ಲಿಗೆ ಇನ್ಶೂರೆನ್ಸಾ, ಡಿಸ್ಕೌಂಟ್ ಕಾರ್ಡಾ, ಆರ್‌ಡಿನಾ? ನಮ್ಮನೆ ಲೆಕ್ಕ

ಮೊದ್ಲೇ ಹೇಳ್ಬಿಡ್ತೀನಿ, ನಾನು ಆರ್‌ಡಿ ಪಾರ್ಟಿ. ತಿಂಗಳಿಗೆ 600 ರೂಪಾಯಿ ಬ್ಯಾಂಕಲ್ಲಿ ಒಂದು ವರ್ಷದ ಆರ್‌ಡಿ, ಹಲ್ಲು ಕೆಟ್ರೆ ನಮ್ಮ ಬೀದಿ ಡಾಕ್ಟ್ರಮ್ಮ, ಮುಗೀತು. ಆದ್ರೆ ಈ ಬುದ್ಧಿ ಬರೋಕೆ ಮುಂಚೆ ಮೂರು ವರ್ಷ ಆಫೀಸಿನ ಡೆಂಟಲ್ ಇನ್ಶೂರೆನ್ಸಿಗೆ ದುಡ್ಡು ಕಟ್ಟಿದೀನಿ, ಒಂದು ವರ್ಷ ಆ್ಯಪ್‌ನೋರ ಡೆಂಟಲ್ ಕಾರ್ಡ್ ಇಟ್ಕೊಂಡಿದೀನಿ, ಅಮ್ಮನ್ನ ಕರ್ಕೊಂಡು ಡೆಂಟಲ್ ಕಾಲೇಜಿಗೂ ಅಲೆದಿದೀನಿ. ಆಫೀಸಲ್ಲಿ ಯಾರಾದ್ರೂ "ಡೆಂಟಲ್ ಕವರ್ ತಗೊಳ್ಳೋದಾ ಬೇಡ್ವಾ" ಅಂತ ಕೇಳಿದಾಗೆಲ್ಲ ಅರ್ಧ ಗಂಟೆ ಕೊರೀತೀನಿ, ಅದನ್ನೇ ಇಲ್ಲಿ ಬರೀತಿದೀನಿ.

ಶುರುವಾಗಿದ್ದು ಒಂದು ಕಲ್ಲಿಂದ. ಹೋದ ವರ್ಷ, 2025ರಲ್ಲಿ, ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು, ಭಾನುವಾರ. ಊಟಕ್ಕೆ ಕೂತು ಹೆಸರುಬೇಳೆ ಕೋಸಂಬರಿ ಬಾಯಿಗಿಟ್ಟೆ, ಕಟಕ್ ಅಂತು. ಬಲಗಡೆ ಕೆಳಗಿನ ದವಡೆ ಹಲ್ಲು, ಮೊದ್ಲೇ ಹುಳುಕಾಗಿ ಸಿಮೆಂಟ್ ತುಂಬ್ಸಿದ್ದು, ಅದರ ಒಂದು ಮೂಲೆ ಎದ್ದು ತಟ್ಟೆಗೆ ಬಂತು. ರಾತ್ರಿ ಅಷ್ಟೊತ್ತಿಗೆ ನೋವು ಕಿವಿ ತನಕ ಹತ್ತಿ, ಲವಂಗ ಕಚ್ಕೊಂಡು ಕೂತಿದ್ದಾಯ್ತು. ಮಾರನೇ ದಿನ ರಂಜಾನ್ ರಜೆ, ಬೆಳಗ್ಗೆನೇ ಡಾಕ್ಟ್ರಮ್ಮನ ಹತ್ರ ಓಡಿದೆ. ಎಕ್ಸ್‌ರೇ ತೆಗೆದು ನರದ ತನಕ ಹೋಗಿದೆ ಅಂದ್ರು, ಅವತ್ತೇ ಹಲ್ಲು ಓಪನ್ ಮಾಡಿ ಔಷಧಿ ಇಟ್ಟು ಟೆಂಪರರಿ ಫಿಲ್ಲಿಂಗ್ ಹಾಕಿ ಕಳಿಸಿದ್ರು. ಏಪ್ರಿಲ್ 5ಕ್ಕೆ, 12ಕ್ಕೆ ಇನ್ನೆರಡು ಸಿಟ್ಟಿಂಗ್, 26ಕ್ಕೆ ಕ್ಯಾಪ್ ಕೂರಿಸಿದ್ರು. ಎಕ್ಸ್‌ರೇ 300, ರೂಟ್ ಕೆನಾಲ್ 5,000, ಜಿರ್ಕೋನಿಯಾ ಕ್ಯಾಪ್ 8,200, ಒಟ್ಟು 13,500. ನಾನಂತೂ ಖುಷಿಯಾಗೇ ಕೊಟ್ಟೆ, ಯಾಕಂದ್ರೆ ಇನ್ಶೂರೆನ್ಸ್ ಇದೆಯಲ್ಲ!

ಇದ್ದಿದ್ದು ಏನಪ್ಪ ಅಂದ್ರೆ, ಆಫೀಸಿನ ಗ್ರೂಪ್ ಪಾಲಿಸಿ ಜೊತೆಗೆ ನಾವೇ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಡೆಂಟಲ್ ಆಡ್-ಆನ್. ನಾಲ್ಕು ಜನಕ್ಕೆ ವರ್ಷಕ್ಕೆ 3,200 ಸಂಬಳದಲ್ಲೇ ಕಟ್ ಆಗ್ತಿತ್ತು, 10,000ದ ತನಕ ಕವರ್, ಶೇಕಡಾ 20 ನಮ್ಮ ಕೈಯಿಂದ. ಪಾಲಿಸಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಈ ತಾರೀಖು ನೆನಪಿಟ್ಕೊಳ್ಳಿ, ಕತೆ ಎಲ್ಲ ಇಲ್ಲೇ ಇರೋದು.

ಮೇ 3ನೇ ತಾರೀಖು ಕ್ಲೇಮ್ ಹಾಕಿದೆ. ಡಾಕ್ಟ್ರಮ್ಮ ಕೊಟ್ಟಿದ್ದು ಕೈಯಲ್ಲಿ ಬರೆದ ಒಂದು ಬಿಲ್, "ಆರ್‌ಸಿಟಿ + ಕ್ಯಾಪ್ 13,500" ಅಂತ, ಆರ್‌ಸಿಟಿ ಅಂದ್ರೆ ರೂಟ್ ಕೆನಾಲ್. ಟಿಪಿಎ, ಅಂದ್ರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಏಜೆನ್ಸಿ, ಅವರ ಕಡೆಯಿಂದ ಮೊದಲನೇ ಕ್ವೆರಿ ಬಂತು, ಯಾವ ಕೆಲಸಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿ, ಡಾಕ್ಟ್ರ ರಿಜಿಸ್ಟ್ರೇಷನ್ ನಂಬರ್ ಹಾಕ್ಸಿ, ಹಲ್ಲಿನ ನಂಬರ್ ಕೊಡಿ ಅಂತ. ಹಲ್ಲಿಗೂ ನಂಬರ್ ಇದೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು. ಡಾಕ್ಟ್ರ ಚೀಟಿ ನೋಡಿದ್ರೆ ಅಲ್ಲಿ ಒಂದು ದೊಡ್ಡ ಪ್ಲಸ್ ಗುರುತು, ಅದರ ಕೆಳಗಡೆ ಎಡ ಮೂಲೇಲಿ 6 ಅಂತ ಬರೆದಿದ್ರು. ನಾನು ಜಾಣೆ ಅಲ್ವಾ, ನೆಟ್ಟಲ್ಲಿ ಹುಡುಕಿ, ಕೆಳಗಡೆ ಎಡಗಡೆ ಆರನೇ ಹಲ್ಲು ಅಂದ್ರೆ 36 ಅಂತ ಇದೆ, ಸರಿ ಅಂತ ಫಾರ್ಮಲ್ಲಿ 36 ಅಂತ ತುಂಬಿ ಕಳಿಸಿದೆ. ಒಂದು ವಾರ ಬಿಟ್ಟು ಎರಡನೇ ಕ್ವೆರಿ. ಫಾರ್ಮಲ್ಲಿ 36, ಎಕ್ಸ್‌ರೇಲಿ 46, ಯಾವ ಹಲ್ಲು ನಿಮ್ದು? ಡಾಕ್ಟ್ರಮ್ಮನ ಹತ್ರ ಹೋದ್ರೆ ಅವರು ನಕ್ಕೂ ನಕ್ಕೂ ಸುಸ್ತಾದ್ರು. ಆ ಪ್ಲಸ್ ಗುರುತು ಡಾಕ್ಟ್ರು ನಮ್ಮ ಎದುರಿಗೆ ಕೂತು ನಮ್ಮ ಬಾಯಿ ನೋಡ್ದಂಗೆ ಅಂತೆ, ಚೀಟಿಯ ಎಡಗಡೆ ಅಂದ್ರೆ ನಮ್ಮ ಬಲಗಡೆ. ನೋವಿದ್ದಿದ್ದು ಬಲಕ್ಕೆ, ನಾನು ಬರೆದಿದ್ದು ಎಡಕ್ಕೆ, ನನ್ನ ಹಲ್ಲು ನಂಗೇ ಗೊತ್ತಿಲ್ಲ ಅನ್ನೋ ಹಂಗಾಯ್ತು.

ಸರಿ, 46 ಅಂತ ತಿದ್ದಿ, ಸಿಟ್ಟಿಂಗ್ ಸಿಟ್ಟಿಂಗಿಗೆ ತಾರೀಖು ಹಾಕ್ಸಿ, ಬಿಡಿಸಿದ ಬಿಲ್ಲು ಸೀಲು ಸಹಿ ಎಲ್ಲ ಮಾಡ್ಸಿ ಮತ್ತೆ ಅಪ್‌ಲೋಡ್ ಮಾಡಿದೆ. ಅಲ್ಲೇ ಸಿಕ್ಕಿಬಿದ್ದಿದ್ದು. ಮೊದಲನೇ ಸಿಟ್ಟಿಂಗ್ ಮಾರ್ಚ್ 31, ಅಂದ್ರೆ ಹಳೇ ಪಾಲಿಸಿ ವರ್ಷದ ಕೊನೇ ದಿನ, ಮಿಕ್ಕಿದ್ದೆಲ್ಲ ಹೊಸ ವರ್ಷದ್ದು. ಅವರು ಏನಂದ್ರು ಅಂದ್ರೆ, 31ರ ಎಕ್ಸ್‌ರೇ ಮತ್ತೆ ಮೊದಲನೇ ಸಿಟ್ಟಿಂಗಿಗೆ ಹಳೇ ಪಾಲಿಸೀಲಿ ಬೇರೆ ಕ್ಲೇಮ್ ಹಾಕ್ಬೇಕಿತ್ತು, ಅದಕ್ಕೆ ಟ್ರೀಟ್‌ಮೆಂಟ್ ಆಗಿ 30 ದಿನದೊಳಗೆ ಟೈಮು, ನೀವು ಹಾಕಿದ್ದು ಮೇ 3ಕ್ಕೆ, ಹಂಗಾಗಿ ಲೇಟು, ರಿಜೆಕ್ಟು. ನಾನು ಫೋನಲ್ಲಿ ಕೇಳಿದೆ, ಅಲ್ಲಾ ಸ್ವಾಮಿ ಅರ್ಧ ರೂಟ್ ಕೆನಾಲಿಗೆ ಯಾರಾದ್ರೂ ಬಿಲ್ ಕೊಡ್ತಾರಾ, ಹಲ್ಲು ಮುಗಿದ್ಮೇಲೆ ತಾನೇ ಬಿಲ್ ಕೊಡೋದು ಅಂತ. ಆ ಹುಡುಗ ಪಾಪ ತುಂಬಾ ಮರ್ಯಾದೆಯಿಂದ "ಮೇಡಂ, ಸಿಸ್ಟಮಲ್ಲಿ ಹಾಗೇ ಇರೋದು" ಅಂದ. ಕ್ಯಾಪ್ ಕತೆ ಇನ್ನೂ ಚಿಕ್ಕದು, ಕ್ಯಾಪು ಬ್ರಿಡ್ಜು ಇಂಪ್ಲಾಂಟು ಯಾವುದೂ ನಮ್ಮ ಕವರಲ್ಲಿಲ್ಲ. ಪಾಲಿಸಿ ಪಿಡಿಎಫ್‌ನ ಹೊರಗಿಟ್ಟಿರೋ ಪಟ್ಟೀಲಿ ಇತ್ತು, ನಾನು ಮೂರು ವರ್ಷದಲ್ಲಿ ಒಂದ್ಸಲಾನೂ ಅಲ್ಲಿ ತನಕ ಸ್ಕ್ರೋಲ್ ಮಾಡಿರಲಿಲ್ಲ, ಅದು ನನ್ನದೇ ತಪ್ಪು.

ಕೊನೆಗೆ ಏಪ್ರಿಲ್‌ನ ಎರಡು ಸಿಟ್ಟಿಂಗಿಗೆ 3,000 ಒಪ್ಕೊಂಡು, ಅದರಲ್ಲಿ ನಮ್ಮ ಪಾಲು 20 ಪರ್ಸೆಂಟ್ ಕಳೆದು, ಜುಲೈನಲ್ಲಿ 2,400 ರೂಪಾಯಿ ಅಕೌಂಟಿಗೆ ಬಂತು. 13,500ಕ್ಕೆ 2,400. ಬೆಂಗಳೂರಿನ ಜೆಪಿ ನಗರದ ಜೀವನ್ ಸೌಧದಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದ್ರೆ ಇನ್ಶೂರೆನ್ಸ್ ದೂರು ಕೇಳೋ ಅಧಿಕಾರಿ, ಅವರ ಆಫೀಸಿದೆ, ಮೊದ್ಲು ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದು ಆಮೇಲೆ ಅಲ್ಲಿಗೆ ಹೋಗ್ಬಹುದು, ಫೀಸೂ ಇಲ್ಲ. ನಮ್ಮೆಜಮಾನ್ರು ಹೋಗೋಣ ಅಂದ್ರು. ಎರಡು ಸಾವಿರ ಚಿಲ್ಲರೆಗೆ ಎರಡು ರಜೆ ಹಾಕೋದ್ಯಾಕೆ ಅಂತ ನಾನೇ ಬಿಟ್ಟೆ.

ಮೂರು ವರ್ಷದ ಲೆಕ್ಕ ಹಾಕಿ. ಕಟ್ಟಿದ್ದು 9,600. ಬಂದಿದ್ದು ಮಗಳ ಒಂದು ಫಿಲ್ಲಿಂಗಿಗೆ 960, ನಂದು ಈ 2,400, ಒಟ್ಟು 3,360. ಕ್ಲೀನಿಂಗ್ ಮಾಡ್ಸಿದ್ದೆಲ್ಲ ಕೈಯಿಂದಲೇ, ಯಾಕಂದ್ರೆ ಕ್ಲೀನಿಂಗೂ ಅವರ ಪ್ರಕಾರ ಕಾಸ್ಮೆಟಿಕ್ ಅಂತೆ. ಮೇಲಿಂದ ಎಲ್ಲರೂ ಇನ್ಶೂರೆನ್ಸಿಗೆ ಜಿಎಸ್‌ಟಿ ತೆಗೆದ್ರು ತೆಗೆದ್ರು ಅಂತಿದ್ರಲ್ಲ, 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದು ನಾವು ನಾವೇ ತಗೊಳ್ಳೋ ಪಾಲಿಸಿಗೆ, ಆಫೀಸಿನ ಗ್ರೂಪ್ ಪಾಲಿಸಿಗೆ 18 ಪರ್ಸೆಂಟ್ ಹಂಗೇ ಇದೆ.

ಇನ್ನೊಂದು ವಿಷ್ಯ ತುಂಬಾ ಜನ ಗಲಿಬಿಲಿ ಮಾಡ್ಕೊಳ್ತಾರೆ. ಮಾಮೂಲಿ ಹೆಲ್ತ್ ಇನ್ಶೂರೆನ್ಸಲ್ಲಿ ಹಲ್ಲು ಪೂರ್ತಿ ಇಲ್ಲ ಅಂತ ಏನಿಲ್ಲ. ಆಕ್ಸಿಡೆಂಟಾಗಿ ಆಸ್ಪತ್ರೆಗೆ ಸೇರಿದ್ರೆ ಸಾಮಾನ್ಯವಾಗಿ ಕೊಡ್ತಾರೆ. ನನ್ನ ಮೈದುನ ನೆಲಮಂಗಲದ ಹತ್ರ ಬೈಕಿಂದ ಬಿದ್ದು ದವಡೆ ಮುರ್ಕೊಂಡಾಗ ಪ್ಲೇಟ್ ಹಾಕಿದ್ದು, ಬೆಡ್ಡು, ಆಪರೇಷನ್ ಎಲ್ಲ ಮಾಮೂಲಿ ಪಾಲಿಸಿಯಲ್ಲೇ ಆಯ್ತು. ಆರು ತಿಂಗಳಾದ್ಮೇಲೆ ಮುಂದಿನ ಎರಡು ಹಲ್ಲಿಗೆ ಇಂಪ್ಲಾಂಟ್ ಹಾಕ್ಸಿದ್ದು ಮಾತ್ರ ಅವನ ಜೇಬಿಂದ. ಅಂದ್ರೆ ಲಕ್ಷಗಟ್ಟಲೆ ಆಗೋ ದೊಡ್ಡ ಏಟಿಗೆ ಮಾಮೂಲಿ ಪಾಲಿಸಿನೇ ಇದೆ, ಡೆಂಟಲ್ ಆಡ್-ಆನ್ ನೋಡ್ಕೊಳ್ಳೋದು ಐದು ಹತ್ತು ಸಾವಿರದ ಮ್ಯಾಟರ್, ಅದಕ್ಕೂ ಮೇಲೆ ಲಿಮಿಟ್ಟು ಬೇರೆ. ಅಲ್ಲದೇ ಡೆಂಟಲ್ ಕವರ್ ತಗೊಳ್ಳೋರು ಯಾರು, ಹಲ್ಲು ಕೆಟ್ಟಿರೋ ನಮ್ಮಂಥೋರೇ ತಾನೆ, ಅದು ಅವರಿಗೂ ಗೊತ್ತು, ಅದಕ್ಕೇ ಇಷ್ಟೊಂದು ಬೇಲಿ ಹಾಕಿರ್ತಾರೆ.

ಈಗ ಆ ಆ್ಯಪ್‌ನೋರ ಡೆಂಟಲ್ ಕಾರ್ಡು. ವರ್ಷಕ್ಕೆ 1,199, ಇಡೀ ಫ್ಯಾಮಿಲಿಗೆ ಒಂದೊಂದು ಕ್ಲೀನಿಂಗ್ ಫ್ರೀ, ಕನ್ಸಲ್ಟೇಷನ್ ಫ್ರೀ, ಮಿಕ್ಕಿದ್ದಕ್ಕೆ 20 ಪರ್ಸೆಂಟ್ ಡಿಸ್ಕೌಂಟ್. ಇದು ಇನ್ಶೂರೆನ್ಸೇ ಅಲ್ಲ, ಬಟ್ಟೆ ಅಂಗಡಿ ಮೆಂಬರ್‌ಶಿಪ್ ಇದ್ದಂಗೆ. ಕ್ಲೇಮ್ ಇಲ್ಲ ಪೇಪರ್ ಇಲ್ಲ, ಅದು ನಂಗೆ ಇಷ್ಟವಾಯ್ತು ನಿಜ, ನಾಲ್ಕು ಜನಾನೂ ಕ್ಲೀನಿಂಗ್ ಮಾಡಿಸ್ಕೊಂಡ್ವಿ, ಕಾರ್ಡಿನ ದುಡ್ಡು ಅಲ್ಲೇ ಹುಟ್ಟಿತು. ಸಮಸ್ಯೆ ಬಂದಿದ್ದು ಆಮೇಲೆ. ಕಾರ್ಡ್ ನಡೆಯೋ ಕ್ಲಿನಿಕ್ಕಲ್ಲಿ ಏಸಿ ರೂಮು, ಗೋಡೆ ಮೇಲೆ ಟಿವಿ, ಬಾಯೊಳಗೆ ಕ್ಯಾಮೆರಾ ಬಿಟ್ಟು ನನ್ನ ಹಲ್ಲನ್ನ ಹಲಸಿನ ಹಣ್ಣಿನಷ್ಟು ದೊಡ್ಡದು ಮಾಡಿ ತೋರ್ಸಿದ್ರು, ಆರು ಹುಳುಕು ಅಂತ ಹೇಳಿ 38,000ದ ಎಸ್ಟಿಮೇಟ್ ಕೈಗಿಟ್ರು. ಇವತ್ತೇ ಬುಕ್ ಮಾಡಿದ್ರೆ ಇಎಂಐ ಅಂತೆ. ಆ ಪೇಪರ್ ತಗೊಂಡು ಸೀದಾ ನಮ್ಮ ಡಾಕ್ಟ್ರಮ್ಮನ ಹತ್ರ ಹೋದೆ, ಅವರು ಕೋಲು ಹಾಕಿ ಒಂದೊಂದೇ ಮುಟ್ಟಿ ನೋಡಿ, ಎರಡು ತುಂಬಿಸ್ಬೇಕು, ಒಂದನ್ನ ಆರು ತಿಂಗಳು ಬಿಟ್ಟು ನೋಡೋಣ, ಮಿಕ್ಕಿದ್ದು ಬರೀ ಕಲೆ ಅಂದ್ರು. ಡಿಸ್ಕೌಂಟೂ ಹಂಗೇ, ಅಲ್ಲಿ ಜಿರ್ಕೋನಿಯಾ ಕ್ಯಾಪ್ 14,000, 20 ಪರ್ಸೆಂಟ್ ಕಳೆದ್ರೂ 11,200, ನಮ್ಮ ಬೀದೀಲಿ ಡಿಸ್ಕೌಂಟ್ ಇಲ್ದೆ 8,200. ಕ್ಲೀನಿಂಗಿಗೋಸ್ಕರ ಮಾತ್ರ ಕಾರ್ಡ್ ತಗೊಂಡು, ಎಸ್ಟಿಮೇಟಿಗೆ ಕಿವಿ ಮುಚ್ಕೊಂಡು ಎದ್ದು ಬರೋ ಧೈರ್ಯ ಇದ್ರೆ ಕಾರ್ಡು ಒಳ್ಳೇದೇ.

ಡೆಂಟಲ್ ಕಾಲೇಜು ಬಗ್ಗೆ ನಂಗೆ ಭಾರೀ ಗೌರವ. ಕರ್ನಾಟಕದಲ್ಲಿ ಇದೊಂದು ಸೌಭಾಗ್ಯ, ಮಣಿಪಾಲ, ಮಂಗಳೂರು, ದಾವಣಗೆರೆ, ಧಾರವಾಡ, ಹಾಸನ, ಮೈಸೂರು, ಕಲಬುರಗಿ ಎಲ್ಲಾ ಕಡೆ ಡೆಂಟಲ್ ಕಾಲೇಜಿದೆ, ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರ ಇರೋ ಸರ್ಕಾರಿ ಕಾಲೇಜಂತೂ 1958ರಿಂದ ಇದೆ. ನಾವು ಹೋಗಿದ್ದು ಮನೆಗೆ ಹತ್ತಿರದ ಒಂದು ಪ್ರೈವೇಟ್ ಕಾಲೇಜಿಗೆ, ಅಮ್ಮನ ಹಲ್ಲು ಸೆಟ್ಟಿಗೆ. ಹೊರಗಡೆ ಕ್ಲಿನಿಕ್ಕಲ್ಲಿ 22,000 ಅಂದಿದ್ರು, ಇಲ್ಲಿ 3,000. ಬಿಪಿಎಲ್ ಕಾರ್ಡಿರೋ ವಯಸ್ಸಾದೋರಿಗೆ ಸರ್ಕಾರದ ದಂತ ಭಾಗ್ಯ ಯೋಜನೇಲಿ ಸೆಟ್ಟು ಫ್ರೀನೇ, ನಮ್ಮ ಪಕ್ಕದ ಮನೆ ಅಜ್ಜಿ ಹಂಗೇ ಹಾಕಿಸ್ಕೊಂಡಿದ್ದು.

ಆದ್ರೆ ಟೈಮ್ ಬೇಕು ಕಣ್ರೀ. ಏಳು ಸಲ ಹೋದ್ವಿ. ಒಂದು ದಿನ ಅಚ್ಚು ತೆಗೆಯೋದು, ಇನ್ನೊಂದು ದಿನ ಮತ್ತೆ ಸರಿಯಾದ ಅಚ್ಚು, ಆಮೇಲೆ ಕಚ್ಚೋ ಅಳತೆ, ಆಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಟ್ರಯಲ್, ಆಮೇಲೆ ಸೆಟ್ಟು, ಆಮೇಲೆ ವಸಡು ಉಜ್ಜುತ್ತೆ ಅಂತ ಎರಡು ಸಲ. ಮಾಡ್ತಿದ್ದಿದ್ದು ಒಬ್ಬ ಸ್ಟೂಡೆಂಟ್ ಹುಡುಗಿ, ಒಂದೊಂದು ಹೆಜ್ಜೆಗೂ ಮೇಡಂ ಬಂದು ನೋಡಿ ಸೈನ್ ಹಾಕ್ಬೇಕು, ಮೇಡಂ ರೌಂಡ್ಸಲ್ಲಿದ್ರೆ ಅಮ್ಮ ಬಾಯಿ ತಕ್ಕೊಂಡು ಕೂತಿರ್ಬೇಕು. ಆದ್ರೆ ಆ ಹುಡುಗಿ ಅಮ್ಮನ್ನ ನೋಡ್ಕೊಂಡಿದ್ದು ಮೊಮ್ಮಗಳ ತರ. ಅವಳಿಗೂ ಪರೀಕ್ಷೆಗೆ ಮುಂಚೆ ಇಷ್ಟು ಕೇಸ್ ಮುಗಿಸ್ಬೇಕು ಅಂತ ಲೆಕ್ಕ ಇರುತ್ತಲ್ಲ, "ಅಜ್ಜಿ ನಾಳೆ ತಪ್ಪಿಸ್ಬೇಡಿ, ನೀವು ಬರ್ಲಿಲ್ಲ ಅಂದ್ರೆ ನಂಗೆ ಸೈನ್ ಸಿಗಲ್ಲ" ಅಂತ ರಾತ್ರಿ ಫೋನ್ ಮಾಡೋಳು. ಅಮ್ಮ ಅವಳಿಗೆ ಚನ್ನರಾಯಪಟ್ಟಣದಿಂದ ಚಕ್ಕುಲಿ ತರಿಸಿ ಕೊಟ್ಟಿದ್ರು, ಹಲ್ಲಿಲ್ದೆ ಇರೋರು ಡೆಂಟಿಸ್ಟಿಗೆ ಚಕ್ಕುಲಿ ಕೊಡೋದು ನೋಡಿ ಇಡೀ ವಾರ್ಡು ನಕ್ಕಿತ್ತು. ರಿಟೈರ್ ಆಗಿರೋರಿಗೆ, ಕೆಲಸಕ್ಕೆ ರಜೆ ಹಾಕ್ಬೇಕಿಲ್ಲದೋರಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ನಂಗೆ ಏಳು ಅರ್ಧ ದಿನ ರಜೆ ಅಂದ್ರೆ ಆಗೋ ಮಾತಲ್ಲ.

ಅಮೆರಿಕಾದಲ್ಲಿರೋ ಚಿಕ್ಕಪ್ಪನ ಮಗಳು ನನ್ನ ಮಾತು ಕೇಳಿ "ಅಯ್ಯೋ ಅಕ್ಕ, ಇಲ್ಲಿ ಇನ್ಶೂರೆನ್ಸ್ ಇಲ್ದೆ ಡೆಂಟಿಸ್ಟ್ ಬಾಗಿಲೂ ತಟ್ಟಕ್ಕಾಗಲ್ಲ" ಅಂದ್ಲು. ಅಲ್ಲಿ ಮಾಮೂಲಿ ಪ್ಲಾನು ಅಂದ್ರೆ ಕ್ಲೀನಿಂಗು ಚೆಕಪ್ಪು ಪೂರ್ತಿ, ಫಿಲ್ಲಿಂಗಿಗೆ 80 ಪರ್ಸೆಂಟ್, ಕ್ಯಾಪಿಗೆ 50, ವರ್ಷಕ್ಕೆ ಒಟ್ಟು ಸಾವಿರದಿಂದ ಎರಡು ಸಾವಿರ ಡಾಲರ್ ಆಸುಪಾಸಲ್ಲಿ ನಿಲ್ಲಿಸ್ತಾರೆ. ಅಲ್ಲಿಯ ರೇಟಿಗೆ ಒಂದು ರೂಟ್ ಕೆನಾಲ್ ಒಂದು ಕ್ಯಾಪಿಗೆ ಅದು ಖಾಲಿ. ಅವಳೂ ದೊಡ್ಡ ಕೆಲಸ ಎಲ್ಲ ಗಂಟು ಕಟ್ಕೊಂಡು ಡಿಸೆಂಬರಲ್ಲಿ ಇಲ್ಲಿಗೇ ಬರ್ತಾಳೆ. ಅವಳ ಲೆಕ್ಕ ನಮಗೆ ಬರಲ್ಲ, ನಮ್ಮ ಲೆಕ್ಕ ಅವಳಿಗೆ ಬರಲ್ಲ.

ಹಂಗಾದ್ರೆ ಇನ್ಶೂರೆನ್ಸ್ ಯಾರು ತಗೊಳ್ಬೇಕು? ಕಂಪನಿನೇ ದುಡ್ಡು ಕಟ್ಟಿದ್ರೆ ಕಣ್ಮುಚ್ಕೊಂಡು ತಗೊಳ್ಳಿ. ಇಲ್ಲ, ಈ ವರ್ಷ ಮನೇಲಿ ಎರಡು ಮೂರು ರೂಟ್ ಕೆನಾಲ್ ಗ್ಯಾರಂಟಿ ಅಂತ ಗೊತ್ತಿದ್ದು, ನಿಮ್ಮ ಆಫೀಸಿನ ಕವರಲ್ಲಿ ವೇಟಿಂಗ್ ಪೀರಿಯಡ್ (ಕವರ್ ಸಿಗೋಕೆ ಇಷ್ಟು ದಿನ ಕಾಯ್ಬೇಕು ಅನ್ನೋ ಷರತ್ತು) ಇಲ್ಲ ಅಂದ್ರೆ ಆ ಒಂದು ವರ್ಷಕ್ಕೆ ತಗೊಂಡು ಬಿಡಿ, ಸಿಟ್ಟಿಂಗ್ ಎಲ್ಲ ಒಂದೇ ಪಾಲಿಸಿ ವರ್ಷದಲ್ಲಿ ಮುಗಿಯೋ ಹಂಗೆ ನೋಡ್ಕೊಳ್ಳಿ, ಹಲ್ಲಿನ ನಂಬರ್ ಡಾಕ್ಟ್ರ ಕೈಲೇ ಬರೆಸಿ. ಮಕ್ಕಳ ಕ್ಲಿಪ್ಪಿಗೆ ಅಂತ ತಗೊಳ್ಳೋ ಹಂಗಿದ್ರೆ ಮೊದ್ಲು ಪಿಡಿಎಫ್ ಓದಿ, ನಮ್ಮದರಲ್ಲಿ ಇರಲಿಲ್ಲ.

ನಮ್ಮನೆಗೆ ಆರ್‌ಡಿ ಸಾಕು. ವರ್ಷಕ್ಕೆ 7,200 ಪ್ಲಸ್ ಬಡ್ಡಿ, ಹಲ್ಲು ಕೆಡದೇ ಇದ್ರೆ ದುಡ್ಡು ನಮ್ಮದೇ ಇರುತ್ತೆ, ಕೆಟ್ರೆ ಯಾರಿಗೂ 36ಆ 46ಆ ಅಂತ ಉತ್ತರ ಕೊಡ್ಬೇಕಿಲ್ಲ. ನಾವು ನಾಲ್ಕು ಜನಾನೂ ವರ್ಷಕ್ಕೊಂದ್ಸಲ ತಪ್ಪದೇ ಡಾಕ್ಟ್ರಮ್ಮನ ಹತ್ರ ತೋರಿಸ್ಕೊಂಡು ಬರ್ತೀವಿ, ಅದಕ್ಕೇ ಇದು ನಡೀತಿದೆ. ಆರ್‌ಡಿ ಒಡೆದು ಫ್ರಿಜ್ ತಗೊಳ್ಳೋ ಬುದ್ಧಿಯೋರಿಗೆ ಇದು ಆಗ್ಬರಲ್ಲ, ನಮ್ಮೆಜಮಾನ್ರಿಗೆ ಆ ಪಾಸ್‌ಬುಕ್ ಎಲ್ಲಿದೆ ಅಂತ ನಾನು ಹೇಳೇ ಇಲ್ಲ.

ಈ ಮಾರ್ಚಲ್ಲಿ ಎಚ್‌ಆರ್ ಮೇಲ್ ಬಂತು, ಡೆಂಟಲ್ ಕವರ್ ಮುಂದುವರಿಸ್ತೀರಾ ಅಂತ, ಟಿಕ್ ಮೊದ್ಲೇ ಹಾಕಿಟ್ಟಿದ್ರು. ಅದನ್ನ ತೆಗೆದು ಸಬ್ಮಿಟ್ ಮಾಡಿದೆ. ಯುಗಾದಿ ಕೋಸಂಬರಿಗೆ ಬೇಳೆ ಈ ಸಲ ನಾನೇ ಕನ್ನಡಕ ಹಾಕ್ಕೊಂಡು ಮೊರದಲ್ಲಿ ಆರಿಸಿದೆ, ಎರಡು ಕಲ್ಲು ಸಿಕ್ಕಿದ್ವು.