ಗಿಟ್-ಅನೆಕ್ಸ್: ‘ಅಳಿಸಲ್ಲ’ ಎಂದು ಹಟ ಹಿಡಿಯುವುದೇ ಇದರ ಗುಣ

ಲ್ಯಾಬ್ ಸರ್ವರ್, ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ತಿಂಗಳ ಬಾಡಿಗೆಯ ಒಂದು ಎಸ್3 ಬಕೆಟ್ (ಅಮೆಜಾನ್‌ನ ಆನ್‌ಲೈನ್ ಸಂಗ್ರಹ). ನೆಟ್‌ಸಿಡಿಎಫ್ ಫೈಲುಗಳು (ವೈಜ್ಞಾನಿಕ ಅಂಕಿಅಂಶ ತುಂಬಿದ ದೊಡ್ಡ ಫೈಲುಗಳು) ಹೀಗೆ ನಾಲ್ಕು ಕಡೆ ಚದುರಿದ್ದರೆ, ಯಾವುದನ್ನು ಅಳಿಸಿದರೆ ನಡೆಯುತ್ತದೆ ಎನ್ನುವುದೇ ದಿನದ ತಲೆನೋವು. ಫೈಲುಗಳ ಬದಲಾವಣೆಯ ದಾಖಲೆ ಇಡುವ ‘ಗಿಟ್’ನ ಮೇಲೆ ಕೂತು, ದೊಡ್ಡ ಫೈಲಿನ ಯಾವ ಪ್ರತಿ ಎಲ್ಲಿದೆ ಎಂದು ಲೆಕ್ಕವಿಡುವುದು ಗಿಟ್-ಅನೆಕ್ಸ್. ಜೋಯಿ ಹೆಸ್ 2010ರಲ್ಲಿ ಶುರುಮಾಡಿದ ಈ ಉಚಿತ ತಂತ್ರಾಂಶವನ್ನು ಬಿಡದೆ ಬಳಸಲು ಅದೊಂದೇ ಕಾರಣ ಸಾಕು.

‘ಗಿಟ್ ಅನೆಕ್ಸ್ ನಮ್‌ಕಾಪೀಸ್ 2’, ಅಂದರೆ ಕನಿಷ್ಠ ಎರಡು ಪ್ರತಿ ಉಳಿದಿರಲೇಬೇಕು, ಎಂದು ಒಮ್ಮೆ ಹೇಳಿಟ್ಟರೆ ಆಯಿತು. ಲ್ಯಾಪ್‌ಟಾಪ್ ತುಂಬಿತೆಂದು ಅಲ್ಲಿನ ಪ್ರತಿ ಅಳಿಸಲು ‘ಡ್ರಾಪ್’ ಕೊಟ್ಟಾಗ, ಬೇರೆ ಎರಡು ಕಡೆ ಪ್ರತಿ ಇದೆಯೇ ಎಂದು ಆಯಾ ಜಾಗವನ್ನೇ ಆಗಿಂದಾಗ ಕೇಳಿ ನೋಡುತ್ತದೆ. ಬೀರುವಿನಲ್ಲಿರುವ ಡಿಸ್ಕ್ ಲೆಕ್ಕಕ್ಕಿಲ್ಲ; ‘ಅನ್‌ಸೇಫ್’ ಎಂದು ಕಡ್ಡಿ ಮುರಿದಂತೆ ಹೇಳುತ್ತದೆ. ಮೊದಮೊದಲು ರೇಗುತ್ತದೆ, ಬಲವಂತವಾಗಿ ಅಳಿಸುವ ‘--ಫೋರ್ಸ್’ ಹಾಕಲು ಕೈ ತುರಿಸುತ್ತದೆ. ಹಾಕಬೇಡಿ, ಡಿಸ್ಕ್ ಚುಚ್ಚಿ. ಫೈಲು ಎಲ್ಲೆಲ್ಲಿದೆ ಎಂದು ಹೇಳುವ ‘ವೇರ್‌ಈಸ್’ ಅನ್ನು ಮಾತ್ರ ಇಷ್ಟು ನಂಬುವಂತಿಲ್ಲ. ಅದು ಬರೆದಿಟ್ಟ ಲೆಕ್ಕ ಓದುತ್ತದೆ ಅಷ್ಟೆ; ಡಿಸ್ಕಿನಿಂದ ಯಾರೋ ಕೈಯಾರೆ ಅಳಿಸಿದ್ದರೆ ಅದಕ್ಕೆ ಸುಳಿವೇ ಇರುವುದಿಲ್ಲ.

ಹಾಗಾಗಿ ವಾರಕ್ಕೊಮ್ಮೆ ಡಿಸ್ಕ್ ಚುಚ್ಚಿ, ಲೆಕ್ಕ ಹೊಂದಿಸಲು ‘ಸಿಂಕ್’, ಫೈಲು ನಕಲಿಸಲು ‘ಕಾಪಿ --ಟು’, ಆಮೇಲೆ ತಪಾಸಣೆಗೆ ‘ಎಫ್‌ಎಸ್‌ಸಿಕೆ’. ಈ ಕೊನೆಯದು ಪ್ರತಿ ಫೈಲಿನ ಚೆಕ್‌ಸಮ್ (ಒಳಗಿನ ಡೇಟಾದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಮತ್ತೆ ಲೆಕ್ಕಹಾಕಿ, ಕೆಟ್ಟದ್ದನ್ನು ‘ಬ್ಯಾಡ್’ ಫೋಲ್ಡರಿಗೆ ತಳ್ಳುತ್ತದೆ. ‘--ಇನ್‌ಕ್ರಿಮೆಂಟಲ್-ಶೆಡ್ಯೂಲ್ 30ಡಿ --ಟೈಮ್-ಲಿಮಿಟ್ 2ಎಚ್’ ಕೊಟ್ಟರೆ ಎರಡು ಗಂಟೆಗೆ ನಿಂತು, ಮುಂದಿನ ಸಲ ಬಿಟ್ಟಲ್ಲಿಂದ ಹಿಡಿಯುತ್ತದೆ. ಊಟಕ್ಕೆ ಹೋಗಿ ಬರಬಹುದು.

ಇಷ್ಟು ಹೊಗಳಿದ್ದಾಯಿತು. ಇನ್ನು ಕೊರತೆಗಳು. ಗಿಟ್-ಅನೆಕ್ಸ್ ಸಾಮಾನ್ಯವಾಗಿ ಫೈಲನ್ನು ಒಂದು ಕಡೆ ಇಟ್ಟು, ಅದರ ಜಾಗದಲ್ಲಿ ಬರೀ ಸಿಂಬಾಲಿಕ್ ಲಿಂಕ್ (ಅಲ್ಲಿಗೆ ಕೈತೋರುವ ಗುರುತು) ಬಿಡುತ್ತದೆ; ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಅದಿಲ್ಲ. ಅಲ್ಲಿ ರೆಪೊ (ಗಿಟ್‌ನ ಇಡೀ ಫೈಲ್ ಸಂಗ್ರಹ) ಕ್ಲೋನ್ ಮಾಡಿದರೆ ಪ್ರತಿ ಫೈಲೂ ಎರಡು ಸಲ ಕೂರುತ್ತದೆ: 2 ಟಿಬಿ ಡೇಟಾಕ್ಕೆ 4 ಟಿಬಿ ಜಾಗ. ಕ್ಲೋನ್ ಬದಲು ಡಿಸ್ಕನ್ನು ಬರೀ ಉಗ್ರಾಣವಾಗಿ ಸೇರಿಸಲು ‘ಇನಿಟ್‌ರಿಮೋಟ್’ನಲ್ಲಿ ‘ಟೈಪ್=ಡೈರೆಕ್ಟರಿ’ ಕೊಟ್ಟರೆ ಒಂದೇ ಪ್ರತಿ ಸಾಕು. ಆದರೆ ಫೈಲ್ ಹೆಸರೆಲ್ಲ ಉದ್ದುದ್ದ ಹ್ಯಾಶ್ (ಅರ್ಥವಿಲ್ಲದ ಅಕ್ಷರ-ಅಂಕಿಗಳ ಸಾಲು) ಆಗುವುದರಿಂದ, ಡಿಸ್ಕ್ ಎರವಲು ಒಯ್ದವರಿಗೆ ತಲೆಬುಡ ತಿಳಿಯದು.

ಡೇಟಾವನ್ನು ತುಣುಕು ತುಣುಕಾಗಿ ಇಡುವ ‘ಝಾರ್’ ಮಾದರಿ ಬಳಸುವವರಿಗಂತೂ ಗೋಳು. ಒಂದು ಅರೇ (ಅಂಕಿಗಳ ಕೋಷ್ಟಕ) ಅಂದರೆ ಸಾವಿರಾರು ತುಣುಕು ಫೈಲು, ಪ್ರತಿಯೊಂದಕ್ಕೂ ಗಿಟ್‌ನಲ್ಲಿ ಒಂದು ದಾಖಲೆ. ಲಕ್ಷ ದಾಟಿದರೆ ‘ಆ್ಯಡ್’, ‘ಸಿಂಕ್’ ತೆವಳತೊಡಗುತ್ತವೆ. ಒಂದು ಸ್ಯಾಂಪಲ್‌ಗೆ ಒಂದು ಝಿಪ್ ಮಾಡಿ ಸೇರಿಸಿ. ಝಾರ್ ಝಿಪ್‌ನಿಂದಲೇ ಓದಬಲ್ಲದು.

ಗಿಟ್ ಬಲ್ಲ ಮೂರು-ನಾಲ್ಕು ಜನರ ತಂಡಕ್ಕೆ ಕಣ್ಣುಮುಚ್ಚಿ ಹೇಳಬಹುದು. ಹೊಸಬರಿಗೆ ಮಾತ್ರ ಒಂದು ಮಾತು ಮೊದಲೇ ತಿಳಿಸಿ: ಡ್ರಾಪ್ ಆದ ಫೈಲು ‘ಎಲ್‌ಎಸ್’ನಲ್ಲಿ ಕಾಣುತ್ತದೆ, ಪೈಥಾನ್ ತೆರೆಯಲು ಹೋದರೆ ‘ನೋ ಸಚ್ ಫೈಲ್’. ಸ್ಕ್ರಿಪ್ಟಿನ ಶುರುವಿನಲ್ಲೇ, ಫೈಲನ್ನು ಮತ್ತೆ ತರಿಸುವ ‘ಗಿಟ್ ಅನೆಕ್ಸ್ ಗೆಟ್’ ಹಾಕಿಸಿ.